ಪಂಪ್‌ಸೆಟ್ ವೈರಿನಲ್ಲಿ ಹರಿದ ಪಿಟೀಲು

ನನಗೆ ಯಾವ ಚಟವೂ ಇಲ್ಲ ಎಂದು ಹೇಳಿಕೊಂಡು ತಿರುಗುವುದೇ ಒಂದು ಕಾಲದಲ್ಲಿ ನನ್ನ ಚಟವಾಗಿತ್ತು. ಬೀಡಿ ಸೇದುವವನಲ್ಲ, ಇಸ್ಪೀಟು ಮುಟ್ಟುವವನಲ್ಲ, ಅಡಿಕೆ ಬೆಳೆಯುವ ತಾಲ್ಲೂಕಿನಲ್ಲಿದ್ದೂ ಎಲೆ ಅಡಿಕೆ ಹಾಕುವುದು ಮದುವೆ ಮನೆಯಲ್ಲಿ ಮಾತ್ರ. ಚನ್ನಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನಾನು, ಚಟಗಳ ದುಷ್ಪರಿಣಾಮವನ್ನು ಕುರಿತು ಭಾಷಣ ಮಾಡಬೇಕಾದಾಗಲೆಲ್ಲ ನನ್ನನ್ನೇ ಉದಾಹರಣೆಯಾಗಿ ಕೊಟ್ಟುಕೊಳ್ಳುತ್ತಿದ್ದೆ. ಇಂಥವನ ಸೊಕ್ಕು ಮುರಿಯಬೇಕೆಂದು ದೇವರು ಮನಸ್ಸು ಮಾಡಿದರೆ ಸಾರಾಯಿ ಅಂಗಡಿಯನ್ನೇ ತೋರಿಸಬೇಕೆಂದೇನಿಲ್ಲ. ನನಗೆ ಅವನು ವೈರು ತೋರಿಸಿದ. ಹೌದು, ಕರೆಂಟಿನ ವೈರು.

ಇದೆಲ್ಲ ಶುರುವಾದದ್ದು ನನ್ನ ಷಡ್ಡಕನಿಂದ. ನನ್ನ ಹೆಂಡತಿ ಗಿರಿಜಾಳ ತಂಗಿಯ ಗಂಡ ದುಬೈಯಲ್ಲಿ ಕೆಲಸಕ್ಕಿದ್ದ. ಎಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ರಜೆಗೆ ಬಂದವನು ನಮಗೊಂದು ಸೀಡಿ ಪ್ಲೇಯರ್ ತಂದುಕೊಟ್ಟ. ಊರಿನಲ್ಲಿ ಟೇಪ್ ರೆಕಾರ್ಡರ್ ಇದ್ದವರೇ ಶ್ರೀಮಂತರೆನಿಸಿಕೊಳ್ಳುತ್ತಿದ್ದ ಕಾಲ ಅದು. ಆ ಕರಿ ಪೆಟ್ಟಿಗೆಯ ಜೊತೆಗೆ ಒಂದೇ ಒಂದು ಸೀಡಿ ಇತ್ತು. ಅದರಲ್ಲಿ ಯಾರೋ ಪರದೇಶಿ ಪುಣ್ಯಾತ್ಮ ಮುಕ್ಕಾಲು ಗಂಟೆ ಪಿಟೀಲು ಬಾರಿಸಿದ್ದ. ದಾವಣಗೆರೆಯ ರೇಡಿಯೋ ರಿಪೇರಿಯವರಿಂದ ಆಂಪ್ಲಿಫೈಯರ್ ಜೋಡಿಸಿಕೊಂಡು ಬಂದೆ. ಸ್ಪೀಕರಿನ ಡಬ್ಬಗಳನ್ನು ನಮ್ಮ ಊರಿನ ಬಡಗಿಯಿಂದ ಹಲಸಿನ ಹಲಗೆಯಲ್ಲಿ ಮಾಡಿಸಿದೆ. ಅವನು ಅಭ್ಯಾಸಬಲದಿಂದ ಎರಡಕ್ಕೂ ಚಿಲಕ ಇಟ್ಟಿದ್ದ.

ಇಷ್ಟನ್ನೆಲ್ಲ ಇಡುವುದಕ್ಕೆ ಪಡಸಾಲೆಯ ಕಿಟಕಿಯ ಜಾಗವೇ ಆಗಬೇಕೆಂದು ನಾನು ಹಟ ಹಿಡಿದೆ. ಆ ಜಾಗದಲ್ಲಿ ಗಿರಿಜಾಳ ಹೊಲಿಗೆ ಮಿಷನ್ ಇತ್ತು. ಅವಳು ನಮ್ಮ ಬೀದಿಯ ಅರ್ಧ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಅವಳ ಹೊಲಿಗೆಗೆ ನ್ಯಾಮತಿಯಿಂದಲೂ ಬಟ್ಟೆ ಬರುತ್ತಿತ್ತು. ಮಿಷನ್ನು ನಡುಮನೆಗೆ ಹೋಯಿತು. ಅಲ್ಲಿ ಹಗಲು ಹೊತ್ತಿನಲ್ಲೂ ಬಲ್ಬು ಹಾಕಬೇಕು, ಹಾಕಿದರೂ ಅದು ತಾನು ಇದ್ದೇನೆಂದು ತೋರಿಸುತ್ತಿತ್ತೇ ಹೊರತು ಸೂಜಿಯನ್ನು ತೋರಿಸುತ್ತಿರಲಿಲ್ಲ. "ಎಷ್ಟು ದಿನ್ರೀ ಇದು?" ಎಂದಳು. "ಎಲ್ಲ ಒಂದು ಹದಕ್ಕೆ ಬರಲಿ" ಎಂದೆ. ಹದ ಎನ್ನುವ ಮಾತಿಗೆ ಕೊನೆಯೇ ಇಲ್ಲ ಎನ್ನುವುದು ನನಗಾಗಲೀ ಅವಳಿಗಾಗಲೀ ಆಗ ಹೊಳೆಯಲಿಲ್ಲ.

ಹೊಸ ಸಾಮಾನು ಮನೆಗೆ ಬಂದರೆ ಪೂಜೆ ಮಾಡದೆ ಮುಟ್ಟುವುದು ನಮ್ಮಲ್ಲಿಲ್ಲ. ಸ್ನಾನ ಮಾಡಿ, ಪ್ಲೇಯರಿಗೆ ವಿಭೂತಿ ಹಚ್ಚಿ, ಆಂಪ್ಲಿಫೈಯರಿಗೆ ಹಚ್ಚಿ, ಎರಡು ಸ್ಪೀಕರಿಗೂ ಹಚ್ಚಿ, ಕೊನೆಗೆ ಸೀಡಿಯನ್ನು ಕೈಗೆತ್ತಿಕೊಂಡೆ. ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಕನ್ನಡಿಯ ಹಾಗೆ ಹೊಳಪು. ಅಕ್ಷರ ಬರೆದಿರುವುದು ಬೆನ್ನು, ಹೊಳೆಯುವುದು ಮುಖ ಎಂದು ನನ್ನ ವೈಜ್ಞಾನಿಕ ಬುದ್ಧಿ ತೀರ್ಮಾನಿಸಿತು. ವಿಭೂತಿಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮುಖದ ಮೇಲೆ ಮೂರು ಬೆರಳಲ್ಲಿ ಅಚ್ಚುಕಟ್ಟಾಗಿ ಮೂರು ಎಳೆ ಎಳೆದೆ. ಒಣಗಿದ ಮೇಲೆ ಒಳಗೆ ಹಾಕಿ ಕಾಯಿ ಒಡೆದೆ.

ಪಿಟೀಲು ಶುರುವಾಯಿತು. ಶುರುವಾಗಿ ಎರಡು ಹೆಜ್ಜೆ ನಡೆದು ಎಡವಿತು, ಮತ್ತೆ ಎದ್ದಿತು, ಮತ್ತೆ ಎಡವಿತು, ಆಮೇಲೆ ಒಂದೇ ಕಡೆ ನಿಂತು ತಕ ತಕ ತಕ ಎಂದು ಬಿಕ್ಕಳಿಸತೊಡಗಿತು. ಪ್ಲೇಯರಿನ ಜೊತೆ ಬಂದ ಪುಸ್ತಕವನ್ನು ತೆರೆದೆ. ಅದರ ಮೊದಲ ಪುಟದಲ್ಲೇ ಸೀಡಿಯ ಹೊಳೆಯುವ ಮೈ ಮುಟ್ಟಬಾರದೆಂದು ಚಿತ್ರಸಮೇತ ಬರೆದಿತ್ತಂತೆ. ಅಷ್ಟು ಪ್ರಾಥಮಿಕ ಪುಟಗಳನ್ನು ವಿಜ್ಞಾನದ ಮೇಷ್ಟ್ರು ಓದುತ್ತಾರೆಯೇ? ನೇರವಾಗಿ ಕೊನೆಯ ಪುಟಗಳಿಗೆ ಹೋದೆ. ಒಳ್ಳೆಯ ದನಿ ಬೇಕಾದರೆ ಒಳ್ಳೆಯ ವೈರು ಬಳಸಬೇಕು ಎಂದು ಅಲ್ಲಿ ಒಂದು ಸಾಲು ಇತ್ತು. ಸಿಕ್ಕಿತು ಎಂದುಕೊಂಡೆ. ನನ್ನ ಸ್ಪೀಕರಿಗೆ ಹಾಕಿದ್ದು ಮನೆಯಲ್ಲಿ ಬಿದ್ದಿದ್ದ ಕಾಲಿಂಗ್ ಬೆಲ್ಲಿನ ವೈರು, ಶ್ಯಾವಿಗೆ ಎಳೆಯಷ್ಟು ತೆಳು.

ಜಗಳೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ರುದ್ರಪ್ಪ ನನ್ನ ಕಾಲೇಜಿನ ಗೆಳೆಯ. ಆ ಸೀಮೆಯ ಕೊಳವೆಬಾವಿಗಳ ಮೋಟಾರುಗಳೆಲ್ಲ ಸುಟ್ಟುಕೊಂಡು ಅವನ ಹತ್ತಿರವೇ ಬರುತ್ತಿದ್ದವು. ಭಾನುವಾರ ಹೋಗಿ ಕಷ್ಟ ಹೇಳಿಕೊಂಡೆ. ಅವನು ನನ್ನ ಬೆಲ್ಲಿನ ವೈರಿನ ತುಂಡನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ನಕ್ಕ.

"ಇದ್ರಾಗೆ ಹಾಡು ಹೆಂಗೋ ಮಾರಾಯ ಹೋಗ್ತೈತೆ? ಇರುವೆ ಸೈತ ಒಂದರ ಹಿಂದೆ ಒಂದು ಹೋಗ್ಬೇಕು!" ಎಂದವನೇ ಒಳಗಿನಿಂದ ಒಂದು ಸುರುಳಿ ಎಳೆದುಕೊಂಡು ಬಂದ. ಕೊಳವೆಬಾವಿಯೊಳಗೆ ಇಳಿಬಿಡುವ ಮೂರೆಳೆಯ ಚಪ್ಪಟೆ ವೈರು, ಮೂರು ಬೆರಳು ಅಗಲ. "ಐದು ಎಚ್‌ಪಿ ಮೋಟರನ್ನೇ ತಡಕೊಂತೈತೆ. ನಿನ್ನ ಪಿಟೀಲು ತಡಿಯಾಕಾಗಲ್ಲೇನು? ತಗೊಂಡು ಹೋಗು."

ಆ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ರೈತರೊಬ್ಬರು ವೈರನ್ನೂ ನನ್ನನ್ನೂ ಒಂದು ಸಲ ನೋಡಿ, "ಬೋರು ಹಾಕ್ಸಿದ್ರಾ ಯಜಮಾನ್ರೆ? ನೀರು ಬಿತ್ತಾ?" ಎಂದರು. ಪಿಟೀಲಿಗೆ ಎಂದು ಹೇಳುವ ಧೈರ್ಯ ಬರಲಿಲ್ಲ. "ಬಿತ್ತು" ಎಂದೆ. "ಎಷ್ಟಿಂಚು?" "ಎರಡು." ಅವರ ಮುಖ ಅರಳಿತು. "ಒಳ್ಳೇದಾತು ಬಿಡ್ರಿ. ನೀರಿನ ಪಾಯಿಂಟ್ ಯಾರು ನೋಡಿದ್ದು?" ಸುಳ್ಳಿನ ಬಸ್ಸಿನಲ್ಲಿ ಕೂತ ಮೇಲೆ ನಡುದಾರಿಯಲ್ಲಿ ಇಳಿಯಲಾಗುವುದಿಲ್ಲ. "ನಮ್ಮ ಷಡ್ಡಕ" ಎಂದೆ. ಇದೆಲ್ಲ ಶುರುವಾದದ್ದೇ ಅವನಿಂದ, ಆ ಮಟ್ಟಿಗೆ ಅದು ನಿಜವೂ ಆಗಿತ್ತು. ದಾವಣಗೆರೆ ಬರುವವರೆಗೂ ಅವರು ಷಡ್ಡಕನನ್ನು ತಮ್ಮ ಹೊಲಕ್ಕೆ ಕಳಿಸಿಕೊಡಿ ಎಂದು ದುಂಬಾಲು ಬಿದ್ದರು. ದುಬೈಯಲ್ಲಿದ್ದಾನೆ ಎಂದರೆ, "ಅಲ್ಲೂ ನೀರು ತೋರಿಸಾಕೆ ಹೋಗ್ಯಾರಾ?" ಎಂದು ಕೈ ಮುಗಿದರು.

ವೈರು ಹಾಕಿದೆ. ಅದರ ಬಿಗುವಿಗೆ ಸ್ಪೀಕರೇ ಒಂದು ಗೇಣು ಹಿಂದಕ್ಕೆ ಜರುಗಿತು. ಪಿಟೀಲು ಮಾತ್ರ ಮೊದಲಿಗಿಂತ ಗಟ್ಟಿಯಾಗಿ ಬಿಕ್ಕಳಿಸಿತು. ವಾರಗಟ್ಟಲೆ ಸ್ಕ್ರೂ ಬಿಚ್ಚುವುದು, ಬಿಗಿಯುವುದು. ಕೊನೆಗೆ ಗಿರಿಜಾ ಒಂದು ದಿನ ಸೀಡಿಯನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದಳು.

"ರೀ, ಇದರ ಮೇಲೆ ವಿಭೂತಿ ಹಚ್ಚಿದೋರು ಯಾರು?"

"ಪೂಜೆ ಮಾಡಬಾರದೇನು?"

"ನಿಮ್ಮ ಕನ್ನಡಕದ ಗಾಜಿಗೆ ಮೂರೆಳೆ ಹಚ್ಚಿಕೊಂಡು ಪಾಠ ಮಾಡಾಕೆ ಹೋಗ್ತೀರಾ? ಅದಕ್ಕೂ ಕಣ್ಣು ಕಾಣ್ಬೇಕಲ್ಲ!" ಎಂದು ರವಿಕೆಯ ಲೈನಿಂಗಿನ ಮೆತ್ತನೆ ತುಂಡನ್ನು ಒದ್ದೆ ಮಾಡಿ ನಯವಾಗಿ ಒರೆಸಿ ಒಳಗಿಟ್ಟಳು. ಪಿಟೀಲು ಒಂದೇ ಉಸಿರಿಗೆ ಮುಕ್ಕಾಲು ಗಂಟೆ ಹಾಡಿತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹಾಗೆ ಹಾಡುವಾಗ ಸ್ಪೀಕರಿಗೆ ಇದ್ದದ್ದು ಪಂಪ್‌ಸೆಟ್ಟಿನ ವೈರು. ವಿಭೂತಿ ಒರೆಸಿದ್ದು ಅವಳು, ಕೀರ್ತಿಯನ್ನು ಕೊಟ್ಟದ್ದು ನಾನು ವೈರಿಗೆ. ಆ ಕ್ಷಣದಿಂದ ಚಟ ಹತ್ತಿತು. ಷಡ್ಡಕನಿಗೆ ಪತ್ರ ಬರೆದು ಅಲ್ಲಿಂದ ಒಂದು ವೈರು ತರಿಸಿದೆ. ಗಾಜಿನ ಹಾಗೆ ಆರಪಾರ ಕಾಣುವ ಹೊದಿಕೆ, ಒಳಗೆ ಹೊಂಬಣ್ಣದ ಎಳೆ. "ಇದರ ತಾಮ್ರದಲ್ಲಿ ಆಮ್ಲಜನಕವೇ ಇಲ್ಲ, ಗೊತ್ತಾ?" ಎಂದು ಗಿರಿಜಾಗೆ ತೋರಿಸಿದೆ. "ಉಸಿರಾಡಾಕೆ ಗಾಳಿನೇ ಇಲ್ದಿದ್ರೆ ಅದು ಹಾಡೋದು ಹೆಂಗ್ರೀ?" ಎಂದಳು. ವೈರು ನೆಲಕ್ಕೆ ತಾಗಿದರೆ ದನಿ ಮಂಕಾಗುತ್ತದೆ ಎಂದು ಎಲ್ಲೋ ಓದಿದ್ದರಿಂದ ಮನೆಯ ಎಂಟು ಸ್ಟೀಲ್ ಲೋಟಗಳನ್ನು ಬೋರಲು ಹಾಕಿ ಅವುಗಳ ಮೇಲೆ ವೈರನ್ನು ಮಲಗಿಸಿದೆ. ಬಂದವರಿಗೆ ಕಾಫಿ ಕೊಡುವುದಕ್ಕೆ ಲೋಟವಿಲ್ಲದೆ ಗಿರಿಜಾ ಬಟ್ಟಲಿನಲ್ಲಿ ಕೊಟ್ಟಳು. ಪಿಟೀಲಿನವನು ಏನು ಬಾರಿಸಿದ ಎನ್ನುವುದು ಅಷ್ಟು ತಿಂಗಳಲ್ಲಿ ನನ್ನ ತಲೆಗೆ ಹೋಗಲೇ ಇಲ್ಲ. ನಾನು ಕೇಳುತ್ತಿದ್ದುದು ವೈರನ್ನು. "ನಿಮಗೆ ವೈರಿನೊಳಗಿನ ತಾಮ್ರ ಕೇಳಿಸ್ತೈತೆ, ಹತ್ತು ಸಲ ಊಟಕ್ಕೆ ಕರೆದ್ರೆ ಕೇಳ್ಸಲ್ಲ" ಎನ್ನುತ್ತಿದ್ದಳು.

ಒಂದು ದಿನ ನಡುಮನೆಯಿಂದ ಅವಳು "ಹಾ" ಎಂದದ್ದು ಕೇಳಿತು. ಮಿಷನ್ನಿನ ಸೂಜಿ ಉಗುರಿನ ಪಕ್ಕ ಇಳಿದಿತ್ತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಆ ಕತ್ತಲೆಯೊಳಗೆ ನನಗಾಗಲ್ಲ. ಹೊನ್ನಾಳಿ ಮಾವ ಬರ್ತಾರಲ್ಲ, ಅವರನ್ನೇ ಕೇಳೋಣ. ನಿಮ್ಮ ವೈರು ವೈರಿಗೆ ವ್ಯತ್ಯಾಸ ಐತೆ ಅಂತ ಅವರು ಅಂದ್ರೆ ನಾನು ಮಿಷನ್ ಸುದ್ದಿ ಎತ್ತಲ್ಲ. ಇಲ್ಲ ಅಂದ್ರೆ ಕಿಟಕಿ ನನಗೆ" ಎಂದಳು. ಪಾಪ ಅನ್ನಿಸಿತು. ಆದರೂ ಒಪ್ಪಿಕೊಂಡೆ, ಯಾಕೆಂದರೆ ಗೆಲ್ಲುತ್ತೇನೆಂದು ನನಗೆ ಖಾತ್ರಿಯಿತ್ತು.

ಹೊನ್ನಾಳಿ ಮಾವ ಎಂದರೆ ಗಿರಿಜಾಳ ಸೋದರಮಾವ ಸಿದ್ಧಲಿಂಗಪ್ಪನವರು. ನಾಟಕದ ಕಂಪನಿಗಳಲ್ಲಿ ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿದವರು. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಅವರ ಹುಬ್ಬು ಕುಣಿಯುತ್ತಿತ್ತು. ಆ ಭಾನುವಾರ ಬಂದರು. ಶೆಕೆಯೆಂದು ಕೋಟು ಬಿಚ್ಚಿ ಗಿರಿಜಾಳ ಕೈಗೆ ಕೊಟ್ಟು, ಹೋಳಿಗೆ ಊಟ ಮಾಡಿ, ಪಡಸಾಲೆಯಲ್ಲಿ ದಿಂಬಿಗೆ ಒರಗಿದರು.

ನಾನು ಪ್ರಯೋಗವನ್ನು ಶಾಸ್ತ್ರೋಕ್ತವಾಗಿ ಏರ್ಪಡಿಸಿದ್ದೆ. ಪ್ಲೇಯರನ್ನೂ ಆಂಪ್ಲಿಫೈಯರನ್ನೂ ನಡುಮನೆಯಲ್ಲಿಟ್ಟು ಬಾಗಿಲಿಗೆ ಪರದೆ ಇಳಿಬಿಟ್ಟೆ. ಸ್ಪೀಕರುಗಳು ಪಡಸಾಲೆಯಲ್ಲಿ. ಬೆಲ್ಲಿನ ವೈರು, ಪಂಪ್‌ಸೆಟ್ಟಿನ ವೈರು, ದುಬೈ ವೈರು, ಮೂರರ ಒಂದು ತುದಿಯನ್ನು ಸ್ಪೀಕರುಗಳಿಗೆ ಸೇರಿಸಿದ್ದೆ. ಇನ್ನೊಂದು ತುದಿ ಪರದೆಯ ಆ ಕಡೆ. ಗಿರಿಜಾ ಒಳಗೆ ಕೂತು ತನಗೆ ತೋಚಿದ ಕ್ರಮದಲ್ಲಿ ಒಂದೊಂದಾಗಿ ಹಾಕಿ, ಪ್ರತಿ ಸಲವೂ "ಹಾಂ, ಕೇಳ್ರಿ" ಎನ್ನಬೇಕು. ಯಾವುದು ಯಾವುದೆಂದು ನಮಗೆ ಗೊತ್ತಾಗಬಾರದು.

"ಹಾಂ, ಕೇಳ್ರಿ" ಎಂದಳು. ಪಿಟೀಲು ಶುರುವಾಯಿತು. ಮಾವ ಕಣ್ಣು ಮುಚ್ಚಿದರು. ನಾನು ತಡೆಯಲಾರದೆ, "ಸ್ವಲ್ಪ ಒಣಕಲು, ಅಲ್ವಾ ಮಾವ?" ಎಂದೆ. ಅವರು ತಲೆದೂಗಿ, "ಹೌದ್ರಿ ಅಳಿಯಂದಿರೇ, ಒಂಚೂರು ಒಣಕಲೇ" ಎಂದರು. ಐದು ನಿಮಿಷ ಬಿಟ್ಟು ಎರಡನೆಯ "ಹಾಂ, ಕೇಳ್ರಿ" ಬಂತು. "ಇದು ಭಾರ. ಕೆಳಗಿನ ಸ್ವರ ಎಲ್ಲ ಎದೆಗೆ ಬಂದು ಕೂರುತ್ತೆ" ಎಂದೆ. "ಎದೆಗೇ ಕೂರ್ತೈತೆ" ಎಂದರು ಮಾವ. ಮೂರನೆಯದಕ್ಕೆ ನನಗೆ ರೋಮಾಂಚನವಾಯಿತು. "ಬಿಸಿ ಹೋಳಿಗೆ ಮೇಲೆ ತುಪ್ಪ ಹಾಕಿದ ಹಾಗಿದೆ! ಇದೇ ದುಬೈ ವೈರು!" ಎಂದೆ. "ತುಪ್ಪ, ತುಪ್ಪ" ಎಂದು ಮಾವ ತೊಡೆ ತಟ್ಟಿದರು. ಗೆದ್ದೆ ಎಂದು ಪರದೆಯ ಕಡೆ ನೋಡಿದೆ. ಗಿರಿಜಾ ಹೊರಗೆ ಬಂದು ಮಾವನಿಗೆ ಕೋಟನ್ನೂ ಕಾಫಿಯನ್ನೂ ಕೊಟ್ಟಳು. ಸಂಜೆಯ ಬಸ್ಸಿಗೆ ಅವರನ್ನು ಹತ್ತಿಸಿ ಹಿಗ್ಗುತ್ತ ಮನೆಗೆ ಬಂದೆ.

"ಏನಂತೀಯ ಈಗ? ಮಾವನೇ ಹೇಳಿದರಲ್ಲ, ಮೂರಕ್ಕೂ ವ್ಯತ್ಯಾಸ ಇದೆ ಅಂತ."

"ಹೇಳಿದ್ರು. ಆದ್ರೆ ನಾನು ವೈರು ಬದಲಾಯಿಸಲೇ ಇಲ್ಲ" ಎಂದಳು.

"ಅಂದರೆ?"

"ಬೆಳಿಗ್ಗೆ ಪೆಟ್ಟಿಗೆ ಹಾಡ್ತೈತಾ ಅಂತ ನೋಡಾಕೆ ನೀವು ಯಾವುದು ಸಿಗಿಸಿದ್ರೋ ಅದೇ ಇತ್ತು, ಮೂರು ಸಲನೂ. ಮಾವನ ಕೋಟಿನ ಗುಂಡಿ ಉದುರಿದ್ವು. ನಾನು ಒಳಗೆ ಕೂತು ಗುಂಡಿ ಹಚ್ಚಿದೆ. ಒಂದು ಹಚ್ಚೋದು, 'ಹಾಂ, ಕೇಳ್ರಿ' ಅನ್ನೋದು. ಮೂರು ಗುಂಡಿಗೆ ಮೂರು ಸಲ ಆತು."

"ಮತ್ತೆ ಮಾವ ತುಪ್ಪ ತುಪ್ಪ ಎಂದರಲ್ಲ!"

"ಅಳಿಯನ ಮನೆಯೊಳಗೆ ಉಂಡು, ಅಳಿಯನ ಮಾತು ತೆಗೆದುಹಾಕ್ತಾರೇನ್ರೀ? ನೀವು ಬೇವಿನೆಣ್ಣೆ ಅಂದಿದ್ರೆ ಬೇವಿನೆಣ್ಣೆ ಅಂತಿದ್ರು. ಅವರ ಮುಂದೆ ಹೇಳಿದ್ರೆ ನಿಮ್ಮ ಮುಖ ಸಣ್ಣಗಾಗ್ತಿತ್ತು. ಅದಕ್ಕೇ ಸುಮ್ಮನಿದ್ದೆ."

ನಾನು ಪರದೆ ಸರಿಸಿ ನೋಡಿದೆ. ಆಂಪ್ಲಿಫೈಯರಿಗೆ ಸಿಗಿಸಿದ್ದು ಬೆಲ್ಲಿನ ವೈರು. ಒಣಕಲೂ ಅದೇ, ಭಾರವೂ ಅದೇ, ತುಪ್ಪವೂ ಅದೇ. ವಾಹಕಗಳ ಪಾಠವನ್ನು ಪ್ರತಿ ವರ್ಷ ಮಕ್ಕಳಿಗೆ ಮಾಡುತ್ತಿದ್ದ ನನ್ನ ಕಿವಿ ಬಿಸಿಯಾಯಿತು. ನಾಚಿಕೆಯಾಯಿತು, ನಿಜ ಹೇಳುತ್ತೇನೆ. ಅದಕ್ಕಿಂತ ಹೆಚ್ಚಾಗಿ, ಬಟ್ಟೆ ಸುತ್ತಿದ ಬೆರಳಿನಲ್ಲೇ ಆ ಮಂಕು ಬಲ್ಬಿನ ಕೆಳಗೆ ಅವಳು ಮೂರು ಗುಂಡಿ ಹಚ್ಚಿದ್ದು ಚುಚ್ಚಿತು. ಮಿಷನ್ನಿನ ಪಕ್ಕ ಹೋಗಿ ನಿಂತೆ.

"ನಿಂತ್ಕೊಂಡ್ರೆ ಆಗಲ್ಲ, ಈ ಕಡೆ ಹಿಡೀರಿ" ಎಂದಳು. ಇಬ್ಬರೂ ಸೇರಿ ಮಿಷನ್ನನ್ನು ಎತ್ತಿ ತಂದು ಕಿಟಕಿಯ ಕೆಳಗೆ ಇಟ್ಟೆವು. ಸ್ಪೀಕರು, ಪ್ಲೇಯರು, ಮೂರೂ ವೈರುಗಳು ನಡುಮನೆಯ ಅಕ್ಕಿ ಚೀಲದ ಪಕ್ಕಕ್ಕೆ ಹೋದವು. ಲೋಟಗಳು ಅಡುಗೆಮನೆಗೆ ಹೋದವು. ಅವಳು ಸಂಜೆಬಿಸಿಲಿಗೆ ಸೂಜಿ ಹಿಡಿದು ಮೊದಲನೆಯ ಸಲಕ್ಕೇ ದಾರ ಪೋಣಿಸಿ ನನ್ನ ಕಡೆ ನೋಡಿ ನಕ್ಕಳು. ನನಗೂ ನಗು ಬಂತು.

ಅಷ್ಟಾದ ಮೇಲೆ ಸುಮ್ಮನೆ ಒಮ್ಮೆ ಪಿಟೀಲು ಹಚ್ಚಿ ಅಕ್ಕಿ ಚೀಲಕ್ಕೆ ಒರಗಿ ಕೂತೆ. ಸ್ವಲ್ಪ ಹೊತ್ತು ಕೇಳಿದ ಮೇಲೆ, ಪಡಸಾಲೆಗಿಂತ ಇಲ್ಲಿ ದನಿ ಇನ್ನೂ ತಿಳಿಯಾಗಿದೆ, ಚೀಲವನ್ನು ಒಂದು ಮೊಳ ಎಡಕ್ಕೆ ಸರಿಸಿದರೆ ಇನ್ನೂ ಚೆನ್ನಾಗಬಹುದು ಅನ್ನಿಸಿತು. ಗಿರಿಜಾಗೆ ಹೇಳೋಣವೆಂದು ಬಾಯಿ ತೆರೆದೆ. ಅವಳ ಕೈಯಲ್ಲಿ ಕತ್ತರಿ ಇತ್ತು. ಬಾಯಿ ಮುಚ್ಚಿಕೊಂಡು ಚೀಲ ಸರಿಸಿದೆ.