ಬರಿದು ಬಾರದ ಬೋಗುಣಿ

ಹಳೆಯ ಸಾಮಾನಿನ ಹುಚ್ಚು ಹಿಡಿದವನಿಗೆ ಮನೆಯಲ್ಲಿ ಮರ್ಯಾದೆ ಹೋಗುತ್ತದೆ ಎನ್ನುತ್ತಾರೆ. ನನಗೆ ಅದು ಮೊದಲೇ ಇರಲಿಲ್ಲವಾದ್ದರಿಂದ ಹುಚ್ಚನ್ನು ಧೈರ್ಯವಾಗಿ ಹಿಡಿಸಿಕೊಂಡೆ. ಸಂತೇಬೆನ್ನೂರಿನ ಸಂತೆಯಲ್ಲಿ, ತುಕ್ಕು ಹಿಡಿದ ಬೀಗಗಳ ನಡುವೆ, ಆ ಪಿಂಗಾಣಿ ಬೋಗುಣಿ ಕಂಡಾಗ ಚೌಕಾಸಿಯನ್ನೂ ಮಾಡದೆ ಕೊಂಡುಬಿಟ್ಟೆ. ಬಿಳಿ ಮೈ, ಅಂಚಿನ ಸುತ್ತ ನೀಲಿ ಹೂಬಳ್ಳಿ. ಚನ್ನಗಿರಿಯವರೆಗೂ ಬಸ್ಸಿನಲ್ಲಿ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಫೋಟೊ ಕಳಿಸಿದ್ದೇ ತಡ, ಇಂಥವನ್ನೇ ಕೂಡಿಡುವ ಹೊನ್ನಾಳಿಯ ಗೆಳೆಯ ರುದ್ರಪ್ಪ ಫೋನ್ ಮಾಡಿದ: "ಕೈಯಾಗೆ ಬಿಡಿಸಿದ್ದೋ, ಅಚ್ಚು ಒತ್ತಿದ್ದೋ ಮುಟ್ಟಿ ನೋಡಿದ್ರೇ ಗೊತ್ತಾಗೋದು. ಭಾನುವಾರ ಬರ್ತೀನಿ ತಡಿ." ಅವನು 'ಕೈಯಲ್ಲಿ ಬಿಡಿಸಿದ್ದು' ಎಂದುಬಿಟ್ಟರೆ ಸಾಕು, ಮನೆಯಲ್ಲಿ ನಾನು ತಲೆಯೆತ್ತಿ ಓಡಾಡಬಹುದಿತ್ತು.

ಭಾನುವಾರ ಬೆಳಿಗ್ಗೆ ನೋಡಿದರೆ ಕಪಾಟಿನಲ್ಲಿ ಬೋಗುಣಿಯೇ ಇಲ್ಲ! "ಪಕ್ಕದ ಮನೆ ಗೌರಕ್ಕಗೆ ನಿಂಬೆ ಉಪ್ಪಿನಕಾಯಿ ಹಾಕಿ ಕೊಟ್ಟೀನಿ. ಹುಳಿಗೆ ಸ್ಟೀಲ್ ಆಗಲ್ಲ, ಪಿಂಗಾಣಿನೇ ಸರಿ," ಎಂದಳು ಹೆಂಡತಿ. ಮಾತಿನಲ್ಲಿ ತಪ್ಪು ಹುಡುಕಲು ಪುರಸೊತ್ತಿರಲಿಲ್ಲ, ಓಡಿದೆ. ಬೋಗುಣಿ ತೊಳೆದು ಅಡುಗೆ ಕಟ್ಟೆಯ ಮೇಲೆ ಬೋರಲು ಹಾಕಿದ್ದರು. ಕೈ ಚಾಚಿದೆ.

"ಅಯ್ಯೋ ಬಿಡ್ರಿ ಅಣ್ಣ! ಬರಿದು ಹೆಂಗೆ ಕೊಡಾದು? ತುಂಬಿ ಬಂದಿದ್ದು ತುಂಬೇ ಹೋಗ್ಬೇಕು," ಎಂದರು ಗೌರಕ್ಕ.

"ಒಂದು ಚಮಚ ಸಕ್ಕರೆ ಹಾಕಿ ಕೊಡ್ರಿ, ಸಾಕು."

"ಸಕ್ಕರೆನಾ? ನಿಮ್ಮ ಮನೆಯಾಕೆ ಏನಂದ್ಕೊಂಡಾರು? ಕೂತ್ಕೊಳ್ರಿ, ಗೋಧಿ ಹುಗ್ಗಿ ಮಾಡಾಕೆ ಎಷ್ಟೊತ್ತು!"

ಎಷ್ಟೊತ್ತು ಎಂಬುದು ಗೋಧಿಗೆ ಬಿಟ್ಟ ವಿಷಯ. ಅದು ಬೇಯುವಷ್ಟರಲ್ಲಿ ರುದ್ರಪ್ಪ ಬಸ್ಸಿಳಿದು, ನಮ್ಮ ಮನೆಗೆ ಹೋಗಿ ವಿಚಾರಿಸಿ, ನಾನಿದ್ದಲ್ಲಿಗೇ ಬಂದ. ಬೋಗುಣಿಯನ್ನು ಬೆಳಕಿಗೆ ಹಿಡಿದು ಹೂವಿನ ಮೇಲೆ ಬೆರಳಾಡಿಸಿದ. "ಲೇ, ಒಂದು ಹೂವಿದ್ದಂಗೆ ಇನ್ನೊಂದಿಲ್ಲ ನೋಡು! ಈ ಎಲೆ ಹತ್ರ ಬರೆದೋನ ಕೈ ನಡುಗೈತೆ. ಕೈಯಾಗೇ ಬಿಡಿಸಿದ್ದು ಕಣೋ!" ನನಗೆ ಕುಣಿಯುವಷ್ಟು ಸಂತೋಷವಾಯಿತು. ಗೌರಕ್ಕನಿಗೂ ಆಗಿರಬೇಕು, ಹುಗ್ಗಿಗೆ ಇನ್ನೊಂದು ಹಿಡಿ ಬೆಲ್ಲ ಹಾಕಿದರು.

ಆ ಖುಷಿಯಲ್ಲೇ ಎಡವಟ್ಟಾಯಿತು. "ಒಂದು ವಾರ ಕೊಡು, ಮನೆಯಾಗೆ ತೋರಿಸಿ ತರ್ತೀನಿ," ಎಂದು ರುದ್ರಪ್ಪ ಕೇಳಿದ. ನಾನು ಹೂಂ ಅಂದುಬಿಟ್ಟೆ. ಅವನು ಬೋಗುಣಿಯನ್ನು ಚೀಲಕ್ಕಿಳಿಸಬೇಕು, ಅಷ್ಟರಲ್ಲಿ ನನ್ನ ಬಾಯಿಂದಲೇ ಬಂತು: "ತಡಿಯೋ, ಬರಿದು ಹೆಂಗೆ ಕೊಡಾದು?" ಗೌರಕ್ಕನ ಹುಗ್ಗಿಯನ್ನೇ ಅಂಚಿನವರೆಗೆ ತುಂಬಿಸಿ ಕಳಿಸಿದೆ.

ಆಮೇಲೆ ಎರಡು ಅಮಾವಾಸ್ಯೆ ಕಳೆದವು. ಏನು ತುಂಬಿ ಕಳಿಸುವುದೆಂದು ರುದ್ರಪ್ಪನ ಹೆಂಡತಿ ಇನ್ನೂ ಯೋಚಿಸುತ್ತಿದ್ದಾರಂತೆ. 'ಏನೂ ಬೇಡ, ಬರಿದೇ ಕೊಡ್ರಿ' ಎಂದು ಹೇಳಿಯೇಬಿಡೋಣವೆಂದು ಆಗಾಗ ಫೋನ್ ಮಾಡುತ್ತೇನೆ. ಕೊನೆಗೆ, "ನಿಧಾನಕ್ಕೆ ಮಾಡ್ರಿ ತಂಗಿ, ನಮಗೇನು ಅವಸರ ಇಲ್ಲ," ಎಂದು ಹೇಳಿ ಇಡುತ್ತೇನೆ.