ಅಗಿದಷ್ಟೂ ಸಿಹಿ

ಸಪ್ತಾಪುರದ ಗುರುಪಾದ ಮಾಸ್ತರರಿಗೆ ಹೆಂಡತಿಯ ಎದೆಯುರಿ ಎಂದರೆ ತಮಗೇ ಆದ ಅವಮಾನ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಜೀರ್ಣಾಂಗವ್ಯೂಹದ ಪಾಠ ಮಾಡಿದವರು (ಬೋರ್ಡಿನ ಮೇಲೆ ಅವರು ಬರೆಯುತ್ತಿದ್ದ ಜಠರ ಬದನೆಕಾಯಿಯಂತೆ ಕಾಣುತ್ತಿತ್ತು, ಅದು ಬೇರೆ ಮಾತು), ಅವರ ಮನೆಯಲ್ಲೇ ಉಂಡದ್ದು ಕೆಳಗಿಳಿಯುವುದಿಲ್ಲವೆಂದರೆ! ಡಾಕ್ಟರು ಭಾಗ್ಯಶ್ರೀಯನ್ನು ಪರೀಕ್ಷಿಸಿ, "ಅಂಜುವಂಥಾದ್ದೇನಿಲ್ರಿ. ಕುಂತು, ನುರಿಸಿ, ಸಾವಕಾಶ ಉಣ್ರಿ" ಎಂದು ಕಳಿಸಿದ್ದರು. ಆದರೂ ಉರಿ ಇಳಿದಿರಲಿಲ್ಲ. ಆಕೆ ಎದೆ ಒತ್ತಿಕೊಂಡು ಕೂತಾಗಲೆಲ್ಲ ಮಾಸ್ತರರ ಜೀವ ಹಾರಿಹೋಗುತ್ತಿತ್ತು. ಹೆದರಿಕೆಯಾದಾಗ ಅವರಿಗೆ ಗೊತ್ತಿದ್ದದ್ದು ಒಂದೇ ಕೆಲಸ, ಪಾಠ ಮಾಡುವುದು.

ಭಾನುವಾರ ಮಧ್ಯಾಹ್ನ ತಾಟಿನ ಮುಂದೆ ಕೂತು ಶುರುಮಾಡಿದರು. ಭಾಗ್ಯಶ್ರೀ ಅಡುಗೆಕಟ್ಟೆಯ ಹತ್ತಿರ ನಿಂತು ರೊಟ್ಟಿ ಬಡಿಯುತ್ತಿದ್ದಳು.

"ನೋಡು ಭಾಗ್ಯಾ, ಪಚನ ಹೊಟ್ಟ್ಯಾಗ ಅಲ್ಲ, ಬಾಯಾಗ ಶುರು ಆಗತೈತಿ. ಹಲ್ಲು ಅಂದ್ರ ಬೀಸೂಕಲ್ಲು. ಜೊಲ್ಲು ಕೂಡಿದ್ರ ರೊಟ್ಟಿಯೊಳಗಿನ ಪಿಷ್ಟ ಸಕ್ಕರಿ ಆಗತೈತಿ. ಛಲೋತ್ನಾಗ ಅಗದ್ರ ರೊಟ್ಟಿ ತಾನ ಸಿಹಿ! ಇನ್ನೊಂದು ಹಾಕು, ಬಿಸೀದು."

ಬಿಸಿಯದು ಬಂತು.

"ಮುಂದ ಅನ್ನನಾಳ. ತುತ್ತು ಅದರಾಗ ಸುಮ್ನ ಬೀಳೂದಿಲ್ಲ, ನಾಳ ಹಿಂಡಿ ಹಿಂಡಿ ಕೆಳಗ ದಬ್ಬತೈತಿ. ಜಠರದ ಬಾಗಲಕ್ಕ ಒಂದು ಗೇಟು, ಥೇಟ್ ರೈಲ್ವೆ ಗೇಟು. ತುತ್ತು ಬಂದ್ರ ತೆರೀತೈತಿ, ಹೋದ್ರ ಹಾಕ್ಕೋತೈತಿ. ಗಬಗಬ ತಿಂದ್ರ ಗೇಟು ಸಡ್ಲ ಆಗಿ ಒಳಗಿನ ಆಮ್ಲ ಮ್ಯಾಲ ಬರತೈತಿ. ಅದನ ನಿನ್ನ ಎದಿ ಉರಿ. ಚಟ್ನಿ ಎಲ್ಲೈತಿ?"

ಚಟ್ನಿ ಬಂತು. ಮೊಸರೂ ಬಂತು. ಮಾಸ್ತರರು ಉಪದೇಶಕ್ಕೆ ತಾವೇ ಮಾದರಿಯಾಗಿ ಎಮ್ಮೆ ಮೆಲುಕು ಹಾಕಿದಂತೆ ಅಗಿದಗಿದು ಉಂಡು ಕೈತೊಳೆದರು. ಆಮೇಲೆ ಭಾಗ್ಯಶ್ರೀ ಹಂಚು ಇಳಿಸಿ, ತಣ್ಣಗಾದ ರೊಟ್ಟಿಯೊಂದರಲ್ಲಿ ಉಳಿದ ಪಲ್ಯ ಸುತ್ತಿ, ನಿಂತಲ್ಲೇ ಬಾಯಿಗೆ ತುರುಕಿಕೊಂಡಳು. ಇನ್ನೊಂದು ಕೈ ಆಗಲೇ ಕಟ್ಟೆ ಒರೆಸುತ್ತಿತ್ತು.

"ಹೇ, ಹೇ! ಇಷ್ಟೊತ್ತನಕ ನಾ ಏನ್ ಹೇಳಿದೆ?"

"ಎಲ್ಲಾ ಕೇಳೇನ್ರಿ. ಬೀಸೂಕಲ್ಲು, ಸಕ್ಕರಿ, ಗೇಟು." ಆಕೆ ತುತ್ತು ನುಂಗಿ ನಕ್ಕಳು. "ನಾ ಕುಂತು ಸಾವಕಾಶ ಉಣ್ಣಾಕ ಹತ್ತಿದ್ರ, ನನಗ ಬಿಸಿ ರೊಟ್ಟಿ ಬಡದು ಹಾಕಾವ್ರು ಯಾರ್ರಿ?"

ಈ ಪ್ರಶ್ನೆ ಪಠ್ಯಪುಸ್ತಕದಲ್ಲಿರಲಿಲ್ಲ. ನೆನಪು ಮಾಡಿಕೊಂಡರೆ, ಮದುವೆಯಾದಾಗಿನಿಂದ ಈ ಮನೆಯಲ್ಲಿ ಆಕೆ ಬಿಸಿ ರೊಟ್ಟಿ ತಿಂದದ್ದನ್ನು ಮಾಸ್ತರರು ಕಂಡೇ ಇರಲಿಲ್ಲ. ಕರುಳು ಚುರ್ ಎಂದಿತು (ಕರುಳು ಮುಂದಿನ ಪಾಠ, ಇರಲಿ).

"ಯಾರು ಅಂದ್ರ? ನಾನು!" ಎಂದರು.

ಸಂಜೆ ಆಕೆಯನ್ನು ತಾಟಿನ ಮುಂದೆ ಕೂರಿಸಿ, ಏಳಲು ಹೋದಾಗಲೆಲ್ಲ "ಕುಂದರು!" ಎಂದು ಗದರಿಸಿ, ಹಿಟ್ಟಿಗೆ ಕೈ ಹಾಕಿದರು. ಜೋಳದ ಹಿಟ್ಟಿಗೆ ಕುದಿಯುವ ಎಸರು ಬೇಕೆಂಬುದು ಅವರ ವಿಜ್ಞಾನಕ್ಕೆ ನಿಲುಕಿರಲಿಲ್ಲ. ತಣ್ಣೀರು ಸುರಿದು ನಾದಿದರು. ಬಡಿದರೆ ಅಂಚು ಬಿರಿಯಿತು, ಎತ್ತಿದರೆ ನಡು ಹರಿಯಿತು. ಕೊನೆಗೆ ದಪ್ಪಗೆ ತಟ್ಟಿ ಸುಟ್ಟು ತಾಟಿಗೆ ಹಾಕಿದಾಗ ಠಣ್ ಎಂದಿತು.

ಭಾಗ್ಯಶ್ರೀ ಒಂದು ತುಂಡು ಮುರಿದು ಅಗಿದಳು. ಮಾಸ್ತರರು ಮೊಣಕೈತನಕ ಹಿಟ್ಟು ಮೆತ್ತಿಕೊಂಡು ಕಾದರು. ಆಕೆ ಇನ್ನೂ ಅಗಿದಳು.

"ಹೆಂಗೈತಿ?"

ಆಕೆ ಕೈಸನ್ನೆಯಲ್ಲೇ ತಡೆಯಿರಿ ಎಂದಳು. ನುಂಗುವ ಹೊತ್ತಿಗೆ ಎರಡನೆಯ ರೊಟ್ಟಿ ಹೊತ್ತಿ ಹೊಗೆಯಾಡುತ್ತಿತ್ತು, ಆಕೆಯ ಕಣ್ಣಲ್ಲಿ ನೀರಿತ್ತು.

"ಕಲ್ಲಾಗೈತೇನು? ಬಿಡು, ಬಿಡು."

"ಇಲ್ರಿ. ನಿಮ್ಮ ಪಾಠ ಖರೇ ಐತಿ. ಅಗದಂಗ ಅಗದಂಗ ಸಿಹಿ ಆತು." ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಗಬಗಬ ತಿಂತೇನಂದ್ರೂ ಇದು ಬಿಡೂದಿಲ್ಲ. ಇನ್ನೊಂದು ಹಾಕ್ರಿ, ಬಿಸೀದು."

ಮಾಸ್ತರರು ಹಿಗ್ಗಿ ಹೀರೇಕಾಯಿಯಾದರು. ಬಡಿದರು, ಸುಟ್ಟರು, ಮತ್ತೆ ಬಡಿದರು. ಆಕೆ ಡಾಕ್ಟರು ಹೇಳಿದಂತೆಯೇ ಉಂಡಳು. ಅಷ್ಟರಲ್ಲಿ ಹಸಿವು ತಡೆಯದೆ ಮಾಸ್ತರರು ಹೊತ್ತಿದ ರೊಟ್ಟಿಯನ್ನು ಕೆಂಪು ಮೆಣಸಿನಕಾಯಿಯ ರಂಜಕದಲ್ಲಿ ಅದ್ದಿ, ಕಟ್ಟೆಗೆ ಒರಗಿ ನಿಂತೇ ನುಂಗಿದರು. ಸ್ವಲ್ಪ ಹೊತ್ತಿಗೆ ಅವರ ಕೈ ತಾನಾಗಿ ಎದೆ ಸವರತೊಡಗಿತು.

"ಯಾಕ್ರಿ ಮಾಸ್ತರ, ಗೇಟು ಸಡ್ಲ ಆತೇನು?" ಆಕೆ ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಮಜ್ಜಿಗೆ ಕೊಟ್ಟಳು. ತನ್ನ ತಾಟಿನ ರೊಟ್ಟಿಯಲ್ಲಿ ಅರ್ಧ ಮುರಿದು ಅವರ ಬಾಯಿಗಿಟ್ಟಳು. "ನಾಳಿಂದ ರೊಟ್ಟಿ ಮೊದಲ ಬಡದಿಟ್ಟು ಕೂಡೇ ಉಣ್ಣೂಣು. ಎಸರಿನ ಪಾಠ ನಾ ಮಾಡತೇನಿ. ತಿಳೀತೇನ್ರಿ?"

ಮಾಸ್ತರರು ತಲೆಯಾಡಿಸಿದರಷ್ಟೆ. ಹೇಳಬೇಕಾದ್ದು ಬಹಳವಿತ್ತು, ಆದರೆ ಬಾಯಲ್ಲಿದ್ದ ತಮ್ಮದೇ ರೊಟ್ಟಿ ಇನ್ನೂ ಸಿಹಿಯಾಗಿರಲಿಲ್ಲ.