ಬೆಳ್ಳಿ ಬಣ್ಣದ ಕಾರಿಗೆ ಬಂದ ಗಿರಾಕಿಗಳು

ಕಾರು ನೋಡಲು ಬಂದು ಕಾರನ್ನಷ್ಟೇ ನೋಡಿ ಹೋದ ಗಿರಾಕಿಯನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಒಬ್ಬರು ಡಿಕ್ಕಿ ನೋಡುತ್ತಾರೆ, ಒಬ್ಬರು ನನ್ನ ಮುಖ ನೋಡುತ್ತಾರೆ, ಇನ್ನೊಬ್ಬರು ಕಾರಿನ ಕನ್ನಡಿಯಲ್ಲಿ ತಮ್ಮದೇ ಮುಖ ನೋಡಿ, ತಲೆ ಬಾಚಿ, ಹೊರಟು ಹೋಗುತ್ತಾರೆ.

ಕೈಗಾಕ್ಕೆ ಹೋಗುವ ಕಂಪನಿ ಬಸ್ಸುಗಳ ಅಡಿಯಲ್ಲಿ ಮಲಗಿಯೇ ನನ್ನ ಸರ್ವೀಸು ಮುಗಿಯಿತು. ನಾನು ಮೆಕ್ಯಾನಿಕ್. ನಿವೃತ್ತನಾಗಿ ಒಂದು ತಿಂಗಳಾಗಿರಲಿಲ್ಲ, ಕಾರವಾರದ ಹೆದ್ದಾರಿ ಬದಿಯಲ್ಲಿ ಹಳೆ ಕಾರುಗಳ ವ್ಯಾಪಾರ ಮಾಡುವ ನನ್ನ ತಂಗಿಯ ಮಗ ಮನೆಗೆ ಬಂದ. ವರ್ಗವಾಗಿ ಹೋಗುವಾಗ ಒಬ್ಬ ಅಧಿಕಾರಿ ಮಾರಿ ಹೋದ ಜರ್ಮನಿ ಕಾರೊಂದು ಅವನ ಯಾರ್ಡಿನಲ್ಲಿ ನಿಂತಿತ್ತು. ಬೆಳ್ಳಿ ಬಣ್ಣ, ಮಧ್ಯಮ ಗಾತ್ರ, ಐಷಾರಾಮಿ, ಮೇಲಿಂದ ಸ್ಪೋರ್ಟ್ಸ್ ಸೆಡಾನ್. ಅದು ಹೋಗದೆ ಬೇರೆ ಕಾರು ತರಲು ಅವನಿಗೆ ಕೈ ಕಟ್ಟಿದ ಹಾಗಾಗಿತ್ತು.

"ಮಾಮಾ, ನೀವು ಬಂದು ಕೂತ್ಕೊಳ್ಳಿ. ಗಿರಾಕಿಗಳನ್ನ ಒಂದು ಸುತ್ತು ಕರ್ಕೊಂಡು ಹೋಗಿ, ಕಾರು ಹೇಗಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ನಾನು ಹೇಳಿದ್ರೆ ಯಾರೂ ನಂಬೂದಿಲ್ಲ" ಎಂದ.

ನಾನು ಎರಡು ದಿನ ಆ ಕಾರನ್ನು ಜಾಲಾಡಿದೆ. ಎಂಜಿನು ಬೆಣ್ಣೆ. ಗೇರು ಬದಲಾದದ್ದು ಹೊಟ್ಟೆಯಲ್ಲಿನ ನೀರಿಗೂ ಗೊತ್ತಾಗುವುದಿಲ್ಲ. ಬ್ರೇಕು ಒಂದು ಬೆರಳಿಗೆ ನಿಲ್ಲುತ್ತದೆ. ಆದರೆ ಕಾರಿನ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಹಿಂದಿನ ಸೀಟಿನ ನಡುವೆ ಕೂತವನ ಮೊಣಕಾಲು ಅವನ ಕಿವಿಗೆ ಬರುತ್ತದೆ. ಸರ್ವೀಸಿಗೆ ಗೋವಾಕ್ಕೆ ಹೋಗಬೇಕು. ಇಷ್ಟನ್ನೂ ಅಳಿಯನ ಎದುರು ಒಪ್ಪಿಸಿದೆ.

ಅವನು ಕಾರಿಗೊಂದು ಸುತ್ತು ಬಂದು ಹೇಳಿದ: "ಮಾಮಾ, ಇದ್ದದ್ದು ಹೇಳಿ ಅಂದದ್ದು ಹೌದು. ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತಿರಲಿಲ್ಲ."

ಹಂಪು ಹಾಕಿಸಿದವರು

ಮೊದಲು ಬಂದವರು ತೋಡೂರಿನ ಒಬ್ಬ ಗುತ್ತಿಗೆದಾರರು. ಹೆದ್ದಾರಿಯಲ್ಲಿ ತಾವೇ ಓಡಿಸಿದರು. ಓಡಿಸುತ್ತ ಓಡಿಸುತ್ತ ಮುಖ ಅರಳಿತು. "ಇದು ಓಡೂದಲ್ಲ ಮಾರಾಯ್ರೆ, ತೇಲೂದು! ಬನ್ನಿ, ಅಮ್ಮನಿಗೊಮ್ಮೆ ತೋರಿಸಿ ಬರುವ" ಎಂದು ಮನೆಯ ದಾರಿಗೆ ತಿರುಗಿಸಿದರು.

ಅವರ ಗೇಟಿಗೆ ಹತ್ತು ಹೆಜ್ಜೆ ಮೊದಲು ರಸ್ತೆಗೆ ಅಡ್ಡವಾಗಿ ಒಂದು ಹಂಪು. ಹಂಪು ಅಂದರೆ ಹಂಪಲ್ಲ, ಮಗುಚಿ ಹಾಕಿದ ದೋಣಿ. ನಾನು "ನಿಲ್ಲಿಸಿ, ನಿಲ್ಲಿಸಿ" ಅನ್ನುವಷ್ಟರಲ್ಲಿ ಮುಂದಿನ ಚಕ್ರ ದಾಟಿತು, ಹೊಟ್ಟೆ ಹಂಪಿನ ಮೇಲೆ ಕೂತಿತು. ಮುಂದೂ ಹೋಗದು, ಹಿಂದೂ ಬಾರದು. ಅಡಿಯಿಂದ ಕರಕರ ಶಬ್ದ ಬಂತು.

"ಯಾವ ತಲೆ ಕೆಟ್ಟವ ಹಾಕಿಸಿದ ಹಂಪು ಇದು?" ಎಂದು ಕೂಗಿದೆ.

ಗುತ್ತಿಗೆದಾರರು ಕಿಟಕಿಯ ಹೊರಗೆ ತೆಂಗಿನ ಮರ ನೋಡತೊಡಗಿದರು. ಗೇಟಿನಲ್ಲಿ ನಿಂತಿದ್ದ ಅವರ ತಾಯಿ ಅಲ್ಲಿಂದಲೇ ಉತ್ತರ ಕೊಟ್ಟರು. "ಅವನೇ! ಲಾರಿಯವ್ರು ಜೋರು ಬರ್ತ್ರು ಹೇಳಿ ಪಂಚಾಯ್ತಿಯವ್ರ ಸಂಗಡ ಜಗಳ ಮಾಡಿ ಹಾಕಿಸ್ದ. ಅದು ಸಾಲೂದಿಲ್ಲ ಹೇಳಿ ಮತ್ತೊಂದು ಸಲ ಎತ್ತರ ಮಾಡಿಸ್ದ."

ನಾವಿಬ್ಬರೂ ಇಳಿದೆವು. ಅಕ್ಕಪಕ್ಕದವರು ನಾಲ್ಕು ಜನ ಬಂದು ಎತ್ತಿ ದೂಡಿದರು. ನಾನು ಅಡಿಯಲ್ಲಿ ಮಲಗಿ ನೋಡಿದೆ, ಪುಣ್ಯಕ್ಕೆ ಏನೂ ಒಡೆದಿರಲಿಲ್ಲ. ಎದ್ದು ಇದ್ದದ್ದು ಹೇಳಿದೆ: "ಡ್ರೈವರ್ ಒಬ್ಬನೇ ಇದ್ರೆ ಮೆಲ್ಲಗೆ ಓರೆಯಾಗಿ ದಾಟ್ಸಬಹುದು. ಜನ ಕೂತಿದ್ರೆ ಆಗೂದಿಲ್ಲ. ಇಲ್ಲಾಂದ್ರೆ ಹಂಪು ತೆಗೀಬೇಕು."

"ಹಂಪು ತೆಗೆಯೂದು ಸಾಧ್ಯವೇ ಇಲ್ಲ. ಅದಕ್ಕೆ ನಾನು ಇಡೀ ಊರಿನ ಮೇಲೆ ಜಗಳ ಆಡಿದ್ದೆ" ಎಂದ ಗುತ್ತಿಗೆದಾರರು ತಾಯಿಯ ಕಡೆ ತಿರುಗಿದರು. "ಅಮ್ಮಾ, ಹಂಪಿನ ಈಚೆ ಇಳಿದು, ದಾಟಿದ ಮೇಲೆ ಮತ್ತೆ ಹತ್ತಿದ್ರೆ ಆಯ್ತಲ್ಲ?"

ತಾಯಿ ಹಂಪು ನೋಡಿದರು, ಗೇಟು ನೋಡಿದರು.

"ಮತ್ತೆ ಯಾಕೆ ಹತ್ತೂದು? ಮನೆಯೇ ಬಂತಲ್ಲ!"

ಸ್ಟೆಪ್ನಿ

ಇದು ಸಣ್ಣ ಕತೆ. ಅಂಗಡಿ ಇಟ್ಟುಕೊಂಡ ಒಬ್ಬರು ಬಂದು ಡಿಕ್ಕಿ ತೆಗೆಸಿ, ಚಾಪೆ ಎತ್ತಿಸಿ, "ಸ್ಟೆಪ್ನಿ ಎಲ್ಲಿ?" ಎಂದರು.

"ಇದಕ್ಕೆ ಸ್ಟೆಪ್ನಿ ಇಲ್ಲ. ಟಾಯರೇ ಬೇರೆ ನಮೂನೆಯದ್ದು. ಪಂಕ್ಚರ್ ಆದ್ರೂ ಎಂಬತ್ತು ಕಿಲೋಮೀಟರ್ ಹೋಗ್ತದೆ."

"ಆಮೇಲೆ?"

"ಆಮೇಲೆ ಬದಲಿಸ್ಬೇಕು. ಆ ಟಾಯರು ಸಿಗೂದು ಗೋವಾದಲ್ಲಿ."

ಅವರು ಬಹಳ ಗಂಭೀರವಾಗಿ ಯೋಚಿಸಿ ಡಿಕ್ಕಿ ಮುಚ್ಚಿದರು. "ಅಂದ್ರೆ ಗೋವಾ ಕಡೆ ಮುಖ ಮಾಡಿದಾಗ ಮಾತ್ರ ಪಂಕ್ಚರ್ ಆಗಬೇಕು. ನಮ್ಮ ಬೀಗರ ಮನೆ ಕುಮಟೆಯಲ್ಲಿ, ಗೋವಾಕ್ಕೆ ಬೆನ್ನು ಮಾಡಿ ಹೋಗಬೇಕು. ಆ ಕಡೆಗೆ ಇದು ಬೇಡ."

ಸೊಂಟದ ಪರೀಕ್ಷೆ

ಕೈಗಾದಲ್ಲಿ ಕೆಲಸ ಮಾಡುವ ಒಬ್ಬ ಯುವಕ ಬಂದ. ಜೊತೆಗೆ ಅವನ ಸೋದರಮಾವ, ಒಳ್ಳೆಯ ಗಾತ್ರದ ಮನುಷ್ಯ. ಯುವಕ ಓಡಿಸಲು ಕೂತ, ಮಾವ ಪಕ್ಕದಲ್ಲಿ, ನಾನು ಹಿಂದೆ.

ಅವರ್ಸಾ ಸಮೀಪ ರಸ್ತೆ ಖಾಲಿ ಇದ್ದಾಗ ಯುವಕ ಕೇಳಿದ: "ಸ್ಪೋರ್ಟ್ಸ್ ಅಂತ ಬರೆದ ಗುಂಡಿ ಇದೆಯಲ್ಲ, ಒತ್ತಲಾ?"

"ಒತ್ತಿ" ಎಂದೆ.

ಒತ್ತಿದ. ಎಂಜಿನು ಗುರ್ರ್ ಎಂದಿತು. ಈ ಕಾರಿನಲ್ಲಿ ಒಂದು ವಿಶೇಷ ಇದೆ, ಹೇಳಲು ನಾನು ಮರೆತಿದ್ದೆ. ಸ್ಪೋರ್ಟ್ಸಿಗೆ ಹಾಕಿದ ಕೂಡಲೇ ತಿರುವಿನಲ್ಲಿ ಜಾರಬಾರದೆಂದು ಸೀಟಿನ ಎರಡೂ ಬದಿ ಉಬ್ಬಿ ಸೊಂಟವನ್ನು ಒತ್ತಿ ಹಿಡಿಯುತ್ತದೆ.

"ಅಯ್ಯಯ್ಯೋ! ಯಾರೋ ನನ್ನ ಹಿಡಿದ್ರು!" ಮಾವ ಕಿರುಚಿದರು.

"ಹೆದರಬೇಡಿ, ಸೀಟು ಅದು" ಎಂದೆ.

"ಬಿಡೂಕೆ ಹೇಳಿ!"

ನಾನು ಹಿಂದಿನಿಂದ ಕೈ ಚಾಚಿ ಅವರ ಸೀಟಿನ ಗುಂಡಿ ತಡಕಿದೆ. ಬಿಡಿಸುವ ಗುಂಡಿಯ ಬದಲು ಮಸಾಜಿನ ಗುಂಡಿ ಒತ್ತಿದೆ. ಸೀಟು ಅವರ ಬೆನ್ನನ್ನು ಮೇಲಿಂದ ಕೆಳಗೆ ನಾದತೊಡಗಿತು. ಮಾವ ಒಮ್ಮೆಲೇ ಮೌನವಾದರು. ಅಂಕೋಲೆ ಬಂದರೂ ಮಾತಿಲ್ಲ. ಬಗ್ಗಿ ನೋಡಿದರೆ ಕಣ್ಣು ಮುಚ್ಚಿದ್ದಾರೆ, ಬಾಯಿ ಸ್ವಲ್ಪ ತೆರೆದಿದೆ.

"ಮಾವಾ, ಇಳೀರಿ, ಚಾ ಕುಡಿಯುವ" ಎಂದ ಯುವಕ.

"ನೀವು ಕುಡಿದು ಬನ್ನಿ" ಎಂದರು ಕಣ್ಣು ತೆರೆಯದೆ.

ಮರುದಿನ ಮಾವ ಒಬ್ಬರೇ ಯಾರ್ಡಿಗೆ ಬಂದರು. "ಕಾರನ್ನ ಇನ್ನೊಮ್ಮೆ ಸಮಾಧಾನದಲ್ಲಿ ನೋಡ್ಬೇಕು" ಎಂದು ಅದೇ ಸೀಟಿನಲ್ಲಿ ಕೂತು ಅರ್ಧ ತಾಸು ನೋಡಿದರು, ಕಣ್ಣು ಮುಚ್ಚಿಕೊಂಡು. ಅದರ ಮರುದಿನವೂ ಬಂದರು. ನಮಗೆ ಆಸೆ ಹೆಚ್ಚಾಯಿತು. ಇಷ್ಟು ಸೂಕ್ಷ್ಮವಾಗಿ ನೋಡುವವರು ತಗೊಳ್ಳದೆ ಬಿಡುತ್ತಾರೆಯೇ? ಐದನೆಯ ದಿನ ನನ್ನ ಅಳಿಯ ಎಳನೀರು ತರಿಸಿ ಕೊಟ್ಟು ಮೆಲ್ಲಗೆ ಕೇಳಿದ: "ನಿಮ್ಮ ಅಳಿಯ ಎಂತ ಹೇಳ್ತ?"

"ಅವ ಬೇಡ ಹೇಳಿ ಮೊದಲನೇ ದಿನವೇ ಹೇಳ್ದ" ಎಂದರು ಮಾವ, ಎಳನೀರು ಮುಗಿಸುತ್ತ. "ನನ್ನ ಸೊಂಟ ಇನ್ನೂ ಏನೂ ಹೇಳ್ಲಿಲ್ಲ."

ಕನ್ನಡ ಕಲಿತ ಕಾರು

ನಂತರ ಬಂದವರು ಶೆಟಗೇರಿಯ ನಿವೃತ್ತ ಹೆಡ್ ಮಾಸ್ತರರು, ಪತ್ನೀ ಸಮೇತ. ಮಾಸ್ತರರೇ ಓಡಿಸಿದರು. ಹಿಂದಿನ ಸೀಟಿನಿಂದ ನಾನು ಒಂದೊಂದೇ ವಿವರಿಸುತ್ತಿದ್ದೆ. ದಾರಿ ತೋರಿಸುವ ಹೆಣ್ಣು ದನಿ ಅವರ ಊರನ್ನು "ಶಟ್ಜರಿ" ಎಂದದ್ದೇ ತಡ, ಮಾಸ್ತರರ ಕಿವಿ ಕೆಂಪಾಯಿತು.

"ಇದಕ್ಕೆ ತಿದ್ದಿ ಹೇಳೂಕೆ ಆಗ್ತದಾ?"

"ಸ್ಟೇರಿಂಗಿನ ಮೇಲೆ ಗುಂಡಿ ಇದೆ. ಒತ್ತಿ ಮಾತಾಡಿದ್ರೆ ಕೇಳಿಸ್ಕೊಳ್ತದೆ" ಎಂದೆ.

ಮಾಸ್ತರರು ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿ, ಒಂದನೇ ತರಗತಿಗೆ ಹೇಳುವ ಹಾಗೆ "ಶೆ-ಟ-ಗೇ-ರಿ" ಎಂದರು. ಕಾರು ಇಂಗ್ಲಿಷಿನಲ್ಲಿ ಏನೋ ಗೊಣಗಿ ಟ್ರಿಣ್ ಟ್ರಿಣ್ ಅಂದಿತು.

ನನ್ನ ಫೋನನ್ನು ಕಾರಿಗೆ ಜೋಡಿಸಿಟ್ಟಿದ್ದೆ. ಯಾರ್ಡಿಗೆ ಚಾ ಕಳಿಸುವ ಹೋಟೆಲಿನ ಯಜಮಾನರ ನಂಬರು ಅದರಲ್ಲಿ 'ಶೆಟ್ರು' ಎಂದಿದೆ. ಕಾರು ಶೆಟಗೇರಿಯನ್ನು ಬಿಟ್ಟು ಶೆಟ್ರಿಗೆ ಫೋನು ಹಚ್ಚಿತ್ತು! ಇದನ್ನು ನಾನು ಬಾಯಿ ಬಿಟ್ಟು ಹೇಳುವ ಮೊದಲೇ ಕಾರಿನ ತುಂಬ ಗಂಡು ದನಿ ಕೇಳಿತು: "ಹಾಂ, ಹೇಳಿ."

"ನೋಡಿದ್ಯಾ? ಕನ್ನಡಕ್ಕೆ ಬಂತು!" ಎಂದರು ಮಾಸ್ತರರು ಪತ್ನಿಗೆ. ನಾನು "ಮಾಸ್ತರೇ, ಅದು..." ಎಂದೆ. "ಪಾಠದ ನಡುವೆ ಮಾತಾಡಬಾರದು" ಎಂದು ನನ್ನನ್ನು ಸುಮ್ಮನಾಗಿಸಿದರು. ಕಾರಿಗೆ ಹೇಳಿದರು: "ಶೆಟಗೇರಿ ಅನ್ನು."

"ಶೆಟಗೇರಿಯಾ?"

"ಪ್ರಶ್ನೆ ಬೇಡ. ಸ್ಪಷ್ಟ ಉಚ್ಚಾರ ಬೇಕು. ಶೆಟಗೇರಿ."

"ಶೆಟಗೇರಿ."

"ಶಾಬಾಸ್! ನಾನು ಇಷ್ಟು ವರ್ಷ ಕಲಿಸಿದ್ದೆ, ಇಷ್ಟು ಬೇಗ ತಿದ್ದಿಕೊಂಡವ್ರು ಒಬ್ರೂ ಇಲ್ಲ. ಇನ್ನೊಮ್ಮೆ."

"ಆಯ್ತು ಮಾರಾಯ್ರೆ, ಶೆಟಗೇರಿ. ಎಷ್ಟು ಚಾ? ನಿಮಗೆ ಸಕ್ಕರೆ ಹಾಕಿದ್ದಾ, ಹಾಕದ್ದಾ?"

ಮಾಸ್ತರರು ಕಾರನ್ನು ಬದಿಗೆ ನಿಲ್ಲಿಸಿದರು. ನಿಧಾನವಾಗಿ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು:

"ನನಗೆ ಶುಗರ್ ಇದ್ದದ್ದು ಇದಕ್ಕೆ ಹೇಗೆ ಗೊತ್ತಾಯ್ತು?"

ಕೀಲಿ

ಕೊನೆಗೂ ಕಾರು ಹೋಯಿತು. ಕೊಂಡವರು ಅಂಕೋಲೆ ಕಡೆಯ ಒಬ್ಬ ರೈತರು, ಇಶಾಡು ಮಾವಿನ ತೋಪಿನವರು. ಅವರ ಹಳೆ ಜೀಪಿನಲ್ಲಿ ಹೆಂಡತಿಗೆ ಬೆನ್ನು ನೋವು. ಈ ಕಾರಿನಲ್ಲಿ ಆ ಅಕ್ಕ ಎರಡನೇ ತಿರುವಿಗೇ ನಿದ್ದೆ ಹೋದರು. "ಅವಳಿಗೆ ನಿದ್ದೆ ಬಂತು, ಸಾಕು" ಎಂದು ರೈತರು ವ್ಯವಹಾರ ಮುಗಿಸಿದರು. ಅಳಿಯ ಕಾರಿಗೆ ಹೂವಿನ ಹಾರ ಹಾಕಿದ. ನಾನು ಎಂಜಿನ್ ಚಾಲೂ ಮಾಡಿ ಕೊಟ್ಟು ಇಳಿದೆ. ಗಂಡ ಹೆಂಡತಿ ಹೊರಟರು. ಹೊರಡುವಾಗ ಕಾರು ಟೊಂಯ್ ಟೊಂಯ್ ಅಂದದ್ದು ನಮಗೂ ಕೇಳಿಸಿತು. ಸಂತೋಷಕ್ಕೆ ಹಾರ್ನು ಹೊಡೆದರು ಅಂದುಕೊಂಡು ಕೈ ಬೀಸಿದೆವು.

ಒಂದು ತಾಸಿನ ನಂತರ ಬೀಡಾ ತೆಗೆಯಲು ಅಂಗಿಯ ಕಿಸೆಗೆ ಕೈ ಹಾಕುತ್ತೇನೆ, ಕಾರಿನ ಕೀಲಿ! ಈ ಕಾರಿನ ಕೀಲಿಯನ್ನು ಎಲ್ಲಿಯೂ ತೂರಿಸಬೇಕಾಗಿಲ್ಲ. ಹತ್ತಿರ ಇದ್ದರೆ ಸಾಕು, ಗುಂಡಿ ಒತ್ತಿದರೆ ಚಾಲೂ ಆಗುತ್ತದೆ. ಆಮೇಲೆ ಕೀಲಿ ದೂರವಾದರೂ ಓಡುತ್ತಲೇ ಇರುತ್ತದೆ. ಆದರೆ ಒಮ್ಮೆ ಬಂದ್ ಮಾಡಿದರೆ ಮುಗಿಯಿತು. ಇನ್ನೊಂದು ಕೀಲಿಯನ್ನು ಕಾರು ಮಾರಿ ಹೋದ ಆ ಅಧಿಕಾರಿ ಕೊರಿಯರಿನಲ್ಲಿ ಕಳಿಸುವವರಿದ್ದರು.

ಫೋನು ಮಾಡಿದೆ. ರೈತರು ಅಂಕೋಲೆಯ ಪೇಟೆಯಲ್ಲಿದ್ದರು.

"ಎಂಜಿನ್ ಬಂದ್ ಮಾಡ್ಬೇಡಿ! ಕೀಲಿ ನನ್ನ ಹತ್ರ ಉಳೀತು."

"ಹೌದಾ? ಅದಕ್ಕೇ ಕೂಗ್ತಾ ಇದ್ದದ್ದಾ ಇದು! ಬೆಲ್ಟ್ ಹಾಕ್ಲಿಲ್ಲ ಹೇಳಿ ಕೂಗ್ತದೆ ಅಂದ್ಕೊಂಡು ನಾವಿಬ್ರೂ ಹಾಕಿದ್ವಿ. ನಿಲ್ಲಲಿಲ್ಲ. ಹಿಂದೆ ಇಟ್ಟ ಬಾಳೆಗೊನೆಗೂ ಹಾಕಿದ್ವಿ."

"ನಾನು ಬಸ್ಸಿಗೆ ಬರ್ತೆ" ಎಂದೆ.

"ಆಯ್ತು, ಬರ್ತೆ" ಎಂದು ಅವರು ಫೋನಿಟ್ಟರು.

ನಮ್ಮಲ್ಲಿ ಮಾತು ಮುಗಿಸುವಾಗ ಎಲ್ಲರೂ 'ಬರ್ತೆ' ಅನ್ನುವವರೇ. ನಾನು ಹಾಗೇ ತಿಳಿದೆ. ಅವರು ನಿಜವಾಗಿಯೂ ಬರುತ್ತೇನೆ ಎಂದೇ ಹೇಳಿದ್ದರು.

ತೋಡೂರು ದಾಟುತ್ತಿದ್ದಂತೆ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಹೂವಿನ ಹಾರ ಹಾಕಿಕೊಂಡ ಬೆಳ್ಳಿ ಬಣ್ಣದ ಕಾರು ಕಾರವಾರದ ಕಡೆ ತೇಲಿಕೊಂಡು ಹೋಗುತ್ತಿದೆ!

"ನಿಲ್ಸಿ! ನನ್ನ ಕಾರು ಆ ಕಡೆ ಹೋಯ್ತು!" ಎಂದು ಎದ್ದು ಕೂಗಿದೆ.

ಕಂಡಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಂಥ ಕಾರಿದ್ದವ್ರು ಬಸ್ಸಿಗೆ ಯಾಕೆ ಬಂದ್ರಿ?"

"ಕೀಲಿ ನನ್ನ ಹತ್ರ ಇದೆ" ಎಂದು ಎತ್ತಿ ತೋರಿಸಿದೆ.

"ಮತ್ತೆ ಕಾರು ಹೇಗೆ ಹೋಯ್ತು?"

ಇದಕ್ಕೆ ಉತ್ತರ ಹೇಳುತ್ತ ಕೂತರೆ ಅಂಕೋಲೆಯೇ ಬರುತ್ತಿತ್ತು. ಇಳಿದು, ಎದುರಿನಿಂದ ಬಂದ ಬಸ್ಸು ಹತ್ತಿ ಕಾರವಾರಕ್ಕೆ ತಿರುಗಿದೆ. ಅಷ್ಟರಲ್ಲಿ ರೈತರು ಯಾರ್ಡು ಮುಟ್ಟಿ, ನನ್ನ ಅಳಿಯನಿಂದ "ಮಾಮಾ ಅಂಕೋಲೆಗೆ ಹೋದ್ರು" ಎಂದು ಕೇಳಿ, ಕಾರು ತಿರುಗಿಸಿದ್ದರು. ಬಿಣಗಾದಲ್ಲಿ ಅವರು ಆಚೆಯಿಂದ, ನಾನು ಈಚೆಯಿಂದ. ಈ ಸಲ ಅಕ್ಕ ನನ್ನನ್ನು ನೋಡಿದರು, ಕೈಯನ್ನೂ ಬೀಸಿದರು. ಮರುಗಳಿಗೆ ಅವರ ಫೋನು ಬಂತು.

"ಸಾಕು ಮಾಡಿ ನಿಮ್ಮಿಬ್ರ ಆಟ! ಇಬ್ರೂ ನಿಂತಲ್ಲೇ ನಿಲ್ಲಿ!"

ನಾನು ಬಿಣಗಾದಲ್ಲಿ ಇಳಿದು ನಿಂತೆ. ಬಿಸಿಲಿನಲ್ಲಿ ಅರ್ಧ ತಾಸು ನಿಂತೆ. ಕಾರು ಬರಲಿಲ್ಲ. ಫೋನು ಮಾಡಿದೆ.

"ಎಲ್ಲಿದ್ದೀರಿ?"

"ತೋಡೂರಲ್ಲಿ" ಎಂದರು ರೈತರು. "ಬದಿಗೆ ಹಾಕೂಕೆ ಜಾಗ ಸಿಕ್ಕಿದ್ದು ಇಲ್ಲೇ, ನಿಂತಿದ್ದೆ. ನಿಲ್ಲೂಕೆ ಹೇಳಿದ್ದಳಲ್ಲ."

"ಅಲ್ಲೇ ಇರಿ, ನಾನೇ ಬಂದು ಮುಟ್ತೆ. ಪೆಟ್ರೋಲ್ ಇದೆಯಾ?"

"ಅದನ್ನೇ ಕೇಳಬೇಡಿ. ಪಂಪಿಗೆ ಹೋದ್ರೆ ಎಂಜಿನ್ ಬಂದ್ ಮಾಡದೆ ಹಾಕೂದಿಲ್ಲ ಅಂದ್ರು. ಬಂದ್ ಮಾಡಿದ್ರೆ ಮತ್ತೆ ಚಾಲೂ ಆಗೂದಿಲ್ಲ ಅಂದೆ. ಹಾಗಾದ್ರೆ ಹಾಳಾದ ಕಾರು ಯಾಕೆ ತಗೊಂಡ್ರಿ ಅಂತ ಕೇಳಿದ್ರು."

ಮುಂದಿನ ಬಸ್ಸು ಹಿಡಿದು ತೋಡೂರಿನಲ್ಲಿ ಇಳಿದೆ. ರಸ್ತೆ ಬದಿಯಲ್ಲಿ ಕಾರು, ಕಾರಿನ ಪಕ್ಕ ರೈತರು. ನಾನು ಕೀಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಓಡಿದೆ. ಅವರೂ ಎರಡು ಕೈ ಚಾಚಿ ಓಡಿ ಬಂದರು. ಕೀಲಿ ಅವರ ಅಂಗೈಗೆ ಬಿದ್ದದ್ದೂ, ಹಿಂದಿನಿಂದ ಎಂಜಿನು ಎರಡು ಸಲ ಕೆಮ್ಮಿ ನಿಂತದ್ದೂ ಒಂದೇ ಗಳಿಗೆ. ಪೆಟ್ರೋಲು ಖಾಲಿ.

ಅಕ್ಕ ಕಾರಿನಿಂದ ಇಳಿದರು. ಬಾಳೆಗೊನೆಯ ಬೆಲ್ಟು ಬಿಚ್ಚಿ, ಗೊನೆಯನ್ನು ಸೊಂಟಕ್ಕೆ ಏರಿಸಿಕೊಂಡು, ಜನ ಹತ್ತಿಸಿಕೊಳ್ಳುತ್ತ ಇನ್ನೂ ನಿಂತಿದ್ದ, ನಾನು ಇಳಿದ ಬಸ್ಸಿನ ಕಡೆ ನಡೆದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತರು. ಡ್ರೈವರನ ಮುಖ ನೋಡಿ ಕೇಳಿದರು:

"ತಮಾ, ಈ ಬಸ್ಸಿನ ಕೀಲಿ ನಿನ್ನ ಹತ್ರವೇ ಅದೆಯಲ್ಲ?"